ಕೆರೆಯ ಮಟ್ಟ, ಏರಿಯ ಬಿರುಕು

ಗುಂಡ್ಲುಪೇಟೆಯ ಶಾಸಕರೂ ರಾಜ್ಯದ ಸಚಿವರೂ ಆಗಿದ್ದ ಎಚ್.ಎಸ್. ಮಹದೇವಪ್ರಸಾದ್ 2017ರ ಜನವರಿ 3ರಂದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ತಂಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 58 ವರ್ಷ. ತಂದೆಯ ಊರಾದ ಗಾಜನೂರಿನ ನಂಟಿನಿಂದ ಚಾಮರಾಜನಗರ ಸೀಮೆಯ ಮನೆಮಗನೇ ಆಗಿದ್ದ ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದರು, 46ಕ್ಕೆ. 2023ರ ಮಾರ್ಚ್ 11ರಂದು ಚಾಮರಾಜನಗರದ ಮಾಜಿ ಸಂಸದ ಆರ್. ಧ್ರುವನಾರಾಯಣ, 61ಕ್ಕೆ. 2025ರ ಜೂನ್, ಜುಲೈನಲ್ಲಿ ಹಾಸನದಿಂದ ಇಂಥದೇ ಸುದ್ದಿ ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿದರು.

ಪ್ರತಿ ಸಲವೂ ಹೀಗೇ ಆಗುತ್ತದೆ. ಸಾವಿನ ಸುದ್ದಿಯ ಹಿಂದೆಯೇ ರಕ್ತಪರೀಕ್ಷೆಯ ಭರಾಟೆ ಬರುತ್ತದೆ. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನ ವರದಿಯಲ್ಲಿ ಸಕ್ಕರೆ, ಕೊಲೆಸ್ಟರಾಲ್ ಎಲ್ಲ ದಾಟಿ ಕೆಳಗೆ ಬಂದರೆ ‘ಹೋಮೋಸಿಸ್ಟೀನ್’ ಎಂಬ ಒಂದು ಸಾಲು. ಮಿತಿ 15 ಎಂದು ಅಚ್ಚಾಗಿರುತ್ತದೆ, ನಿಮ್ಮ ಅಂಕಿ 26 ಎಂದು ದಪ್ಪಕ್ಷರದಲ್ಲಿ. ಮಾಂಸ ಮುಟ್ಟದ, ಬೀಡಿ ಸೇದದ, ಹೊಲದಲ್ಲಿ ಮೈಮುರಿದು ದುಡಿಯುವ ಮನುಷ್ಯನಿಗೂ ಈ ಅಂಕಿ ಏರಿರುತ್ತದೆ. ‘ಇದು ಹೆಚ್ಚಿದ್ದರೆ ಹಾರ್ಟಿಗೆ ಅಪಾಯವಂತೆ’ ಎಂದು ಯಾರೋ ಹೇಳುತ್ತಾರೆ. ಅವರು ಹೇಳುವುದರಲ್ಲಿ ಅರ್ಧ ನಿಜವಿದೆ. ಹೃದಯಾಘಾತ ಆದವರಲ್ಲಿ ಈ ಅಂಕಿ ಹೆಚ್ಚಿರುವುದು ಹಲವು ದೇಶಗಳಲ್ಲಿ ಕಂಡಿದೆ. ಅಗ್ಗದ ವಿಟಮಿನ್ ಮಾತ್ರೆಯಿಂದ ಅದನ್ನು ಇಳಿಸಲೂಬಹುದು. ಆದರೆ ಇಳಿಸಿ ನೋಡಿದರೆ ಹೃದಯಾಘಾತ ಕಡಿಮೆಯಾಗಲಿಲ್ಲ. ಯಾಕೆ? ಈ ಅಧ್ಯಾಯದ ಒಗಟು ಇದೇ. ಇದನ್ನು ಬಿಡಿಸಿದ್ದು ನಮ್ಮ ವಂಶವಾಹಿಗಳು, ಅಂದರೆ ಜೀನ್‌ಗಳು.

ರಕ್ತದೊಳಗೊಂದು ಕೆರೆ

ನಾವು ತಿನ್ನುವ ಪ್ರೋಟೀನು ಹೊಟ್ಟೆಯಲ್ಲಿ ಬಿಡಿಬಿಡಿಯಾಗಿ ಅಮೈನೋ ಆಮ್ಲಗಳಾಗುತ್ತದೆ. ಮೈಯ ಪ್ರೋಟೀನು ಕಟ್ಟಲು ಇಂಥ 20 ಬಗೆ ಬೇಕು. ಅವುಗಳಲ್ಲೊಂದು ಮಿಥಿಯೋನಿನ್. ಹಾಲು, ಮೊಟ್ಟೆ, ಮಾಂಸದಲ್ಲಿ ಅದು ಧಾರಾಳ. ರಾಗಿಯಲ್ಲೂ ಚೆನ್ನಾಗಿಯೇ ಇದೆ, ಹುರುಳಿಯಲ್ಲಿ ಕಡಿಮೆ. ಮುದ್ದೆಗೆ ಹುರುಳಿಸಾರು ಜೊತೆಯಾದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಈ ಮಿಥಿಯೋನಿನ್ ತನ್ನ ಕೆಲಸ ಮುಗಿಸಿದ ಮೇಲೆ ಉಳಿಯುವ ರೂಪವೇ ಹೋಮೋಸಿಸ್ಟೀನ್. ಇದೂ ಅಮೈನೋ ಆಮ್ಲವೇ, ಆದರೆ ಆ ಇಪ್ಪತ್ತರ ಪಟ್ಟಿಯಲ್ಲಿಲ್ಲ.

ಗುಂಡ್ಲುಪೇಟೆ ಮಳೆನೆರಳಿನ ತಾಲ್ಲೂಕು. ಅಲ್ಲಿಯವರಿಗೆ ಕೆರೆಯ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಹೋಮೋಸಿಸ್ಟೀನನ್ನು ರಕ್ತದೊಳಗಿನ ಕೆರೆ ಎಂದುಕೊಳ್ಳೋಣ. ಒಳಹರಿವು ಮಿಥಿಯೋನಿನ್‌ನಿಂದ. ಹೊರಹೋಗಲು ಎರಡು ತೂಬು. ಮೊದಲ ತೂಬಿನಿಂದ ಹೊರಟ ಹೋಮೋಸಿಸ್ಟೀನ್ ಮತ್ತೆ ಮಿಥಿಯೋನಿನ್ ಆಗಿ ಬಳಕೆಗೆ ಬರುತ್ತದೆ. ಈ ತೂಬು ತೆರೆಯಲು ಇಬ್ಬರು ನೀರಗಂಟಿಗಳು ಬೇಕು: ಸೊಪ್ಪು, ಕಾಳಿನಲ್ಲಿರುವ ಫೋಲೇಟ್ ಒಬ್ಬ, ಬಿ12 ಇನ್ನೊಬ್ಬ. ಎರಡನೆಯ ತೂಬು ಅದನ್ನು ಸಿಸ್ಟೀನ್ ಎಂಬ ಬೇರೆ ಅಮೈನೋ ಆಮ್ಲದ ಕಡೆಗೆ ಹಾಯಿಸುತ್ತದೆ. ಅಲ್ಲಿನ ನೀರಗಂಟಿ ಬಿ6.

ಕೆರೆಯ ಮಟ್ಟ ಏರಲು ಕಾರಣ ಹಲವು. ನೀರಗಂಟಿ ಬಾರದಿದ್ದರೆ ಏರುತ್ತದೆ. ತೂಬನ್ನು ಕಟ್ಟುವಾಗಲೇ ಕಿರಿದಾಗಿ ಕಟ್ಟಿದ್ದರೆ ಏರುತ್ತದೆ. ಒಳಗೆ ಹೂಳು ತುಂಬಿದ್ದರೂ ಏರುತ್ತದೆ. ಈ ಹೂಳು ಎಂದರೆ ಬಹುಮಟ್ಟಿಗೆ ಸೋತ ಮೂತ್ರಪಿಂಡ.

1933ರಲ್ಲಿ ಸತ್ತ ಹುಡುಗ

ಅಮೆರಿಕದ ಬಾಸ್ಟನ್‌ನಲ್ಲಿ 1933ರಲ್ಲಿ 8 ವರ್ಷದ ಹುಡುಗನೊಬ್ಬ ಮೆದುಳಿನ ಆಘಾತದಿಂದ ಸತ್ತ. ಶವಪರೀಕ್ಷೆ ಮಾಡಿದವರು ಬೆರಗಾದರು. ಎಳೆಯ ಹುಡುಗನ ರಕ್ತನಾಳಗಳು ಮುದುಕರ ನಾಳಗಳಂತೆ ದಪ್ಪಗಟ್ಟಿದ್ದವು. ಕಾರಣ ತಿಳಿಯಲಿಲ್ಲ, ಕಡತ ಮುಚ್ಚಿತು. 1962ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಹೊಸ ಕಾಯಿಲೆಯೊಂದು ಪತ್ತೆಯಾಯಿತು. ಕಣ್ಣಿನ ಮಸೂರ ಜಾರಿದ, ಬುದ್ಧಿ ಬೆಳವಣಿಗೆ ಕುಂಠಿತವಾದ, ರಕ್ತ ಹೆಪ್ಪುಗಟ್ಟುವ ಮಕ್ಕಳ ಮೂತ್ರದಲ್ಲಿ ಹೋಮೋಸಿಸ್ಟೀನ್ ಸೋರುತ್ತಿತ್ತು. ಎರಡನೆಯ ತೂಬಿನ ಜೀನು ತಂದೆತಾಯಿ ಇಬ್ಬರ ಕಡೆಯಿಂದಲೂ ಕೆಟ್ಟು ಬಂದಾಗ ಆಗುವ ಕಾಯಿಲೆ ಅದು.

1965ರಲ್ಲಿ ಬಾಸ್ಟನ್‌ನ ವೈದ್ಯರ ಮುಂದೆ ಇದೇ ಕಾಯಿಲೆಯ ಹುಡುಗಿಯೊಬ್ಬಳು ಬಂದಳು. ‘ನನ್ನ ತಮ್ಮನೊಬ್ಬ ಹಿಂದೆ ಚಿಕ್ಕ ವಯಸ್ಸಿಗೇ ಸತ್ತಿದ್ದ’ ಎಂದು ಅವಳ ತಾಯಿ ನೆನೆದರು. ಆ ತಮ್ಮನೇ 1933ರ ಹುಡುಗ. ಕಿಲ್ಮರ್ ಮೆಕಲಿ ಎಂಬ ವೈದ್ಯ ಹಳೆಯ ಕಡತ ತೆಗೆಸಿ, ಕಾದಿಟ್ಟಿದ್ದ ನಾಳದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ಎರಡು ತಿಂಗಳ ಕೂಸೊಂದರ ನಾಳದಲ್ಲೂ ಅದೇ ಹಾನಿ ಕಂಡಿತು. ಆದರೆ ಕೂಸಿನಲ್ಲಿ ಕೆಟ್ಟಿದ್ದು ಬೇರೆಯೇ ಜೀನು, ಬೇರೆಯೇ ತೂಬು. ಎರಡೂ ಮಕ್ಕಳಲ್ಲಿ ಸಮಾನವಾಗಿದ್ದುದು ಏರಿದ ಹೋಮೋಸಿಸ್ಟೀನ್ ಮಾತ್ರ. ಹಾಗಾದರೆ ನಾಳ ಕೆಡಿಸುವುದು ಇದೇ ಇರಬೇಕು ಎಂದು ಮೆಕಲಿ 1969ರಲ್ಲಿ ಬರೆದರು. ಒಂದು ಹೆಜ್ಜೆ ಮುಂದೆ ಹೋಗಿ, ಸಾಮಾನ್ಯ ಜನರಲ್ಲಿ ತುಸುವೇ ಏರಿದ ಮಟ್ಟವೂ ನಿಧಾನವಾಗಿ ಹೃದಯವನ್ನು ಕೆಡಿಸಬಹುದು ಎಂದರು. ಆಗ ಕೊಲೆಸ್ಟರಾಲ್ ಕಾಲ. ಅವರ ಮಾತಿಗೆ ಬೆಲೆ ಸಿಗಲಿಲ್ಲ, ಹಾರ್ವರ್ಡ್‌ನ ಕೆಲಸವೂ ಹೋಯಿತು. ಇಪ್ಪತ್ತು ವರ್ಷಗಳ ಬಳಿಕ ಅದೇ ಮಾತು ಲೋಕದ ಕಿವಿಗೆ ಬಿತ್ತು.

ಮೈಸೂರು, ಪುಣೆಯ ಲೆಕ್ಕ

ನಮ್ಮಲ್ಲಿ ಈ ಮಾತು ಯಾಕೆ ಮುಖ್ಯ? ಜಗತ್ತಿನ ಬೇರೆ ಕಡೆ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ಸುಮಾರು 59 ಇದ್ದರೆ ದಕ್ಷಿಣ ಏಷ್ಯಾದವರಿಗೆ 53. ಇದು 2004ರ ‘ಇಂಟರ್‌ಹಾರ್ಟ್’ ಅಧ್ಯಯನದ ಅಂಕಿಅಂಶದಿಂದ ಹೊರಬಂದ ಸತ್ಯ. ಆರು ವರ್ಷ ಮುಂಚೆಯೇ ಬರುವ ಈ ಕಾಯಿಲೆಗೆ ಭಾರತೀಯರದೇ ಆದ ಕಾರಣ ಇರಬಹುದೇ ಎಂದು ಹುಡುಕಿದವರ ಕಣ್ಣಿಗೆ ಹೋಮೋಸಿಸ್ಟೀನ್ ಬಿತ್ತು.

ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಕ್ಕಾಲು ಪಾಲು ಜನರ ಹೋಮೋಸಿಸ್ಟೀನ್ 15ನ್ನು ದಾಟಿತ್ತು. ಮೂಲ ಕಾರಣ ಬಿ12 ಕೊರತೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಆರಂಭವಾದ ‘ಪಾರ್ಥೆನಾನ್’ ಅಧ್ಯಯನದಲ್ಲೂ ಇದೇ ಚಿತ್ರ. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2009ರಲ್ಲಿ ಬರೆದಂತೆ ಶೇ 43ರಷ್ಟು ಬಸುರಿಯರಲ್ಲಿ ಬಿ12 ಕಡಿಮೆಯಿತ್ತು. ಚಾಮರಾಜನಗರ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದೂ 1997ರಲ್ಲೇ. ಊಟದ ತಟ್ಟೆಯೇನೂ ಬೇರೆಯಾಗಲಿಲ್ಲ.

ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ. ಸೂಕ್ಷ್ಮಜೀವಿಗಳು ತಯಾರಿಸಿದ್ದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದ ಮೂಲಕ ನಮಗೆ ಸಿಗುತ್ತದೆ. ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ, ಕಾಫಿಗೆ ಒಂದಿಷ್ಟು ಉಳಿಸಿಕೊಳ್ಳುವ ಸಸ್ಯಾಹಾರಿ ಮನೆಗಳಲ್ಲಿ ಫೋಲೇಟ್ ಎಂಬ ನೀರಗಂಟಿ ದಿನವೂ ಬರುತ್ತಾನೆ, ಬಿ12 ಬರುವುದು ಅಪರೂಪ. ತೂಬು ಅರ್ಧ ತೆರೆದೇ ಉಳಿಯುತ್ತದೆ.

ಮಾತ್ರೆ ಗೆದ್ದಿತು, ಹೃದಯ ಗೆಲ್ಲಲಿಲ್ಲ

ಮಟ್ಟ ಏರಿದ ಕಡೆ ಕಾಯಿಲೆ ಹೆಚ್ಚು ಎಂದಾದರೆ ಮಟ್ಟ ಇಳಿಸಿ ನೋಡುವುದೇ ನೇರ ದಾರಿ. ನಾರ್ವೆಯಲ್ಲಿ ಹೃದಯಾಘಾತದಿಂದ ಬದುಕುಳಿದ 3,749 ಜನರಿಗೂ, ‘ಹೋಪ್-2’ ಎಂಬ ಪ್ರಯೋಗದಲ್ಲಿ 5,522 ಜನರಿಗೂ ವರ್ಷಗಟ್ಟಲೆ ಬಿ ವಿಟಮಿನ್‌ಗಳನ್ನು ಅಥವಾ ಅದರಂತೆಯೇ ಕಾಣುವ ಖಾಲಿ ಮಾತ್ರೆಗಳನ್ನು ಕೊಟ್ಟರು. 2006ರಲ್ಲಿ ಎರಡರ ಫಲಿತಾಂಶವೂ ಬಂತು. ವಿಟಮಿನ್ ತಿಂದವರ ಹೋಮೋಸಿಸ್ಟೀನ್ ಚೆನ್ನಾಗಿ ಇಳಿದಿತ್ತು, ಹೃದಯಾಘಾತ ಮಾತ್ರ ಇಳಿದಿರಲಿಲ್ಲ.

ಹಾಗಾದರೆ ಅಷ್ಟೊಂದು ಅಧ್ಯಯನಗಳಲ್ಲಿ ಕಂಡ ನಂಟು ಸುಳ್ಳೇ? ನಂಟು ಸುಳ್ಳಲ್ಲ. ಯಾವುದು ಯಾವುದಕ್ಕೆ ಕಾರಣ ಎಂಬ ಊಹೆ ತಪ್ಪಾಗಿತ್ತು. ಮತ್ತೆ ಕೆರೆಗೇ ಬನ್ನಿ. ಕೆರೆಯ ಏರಿ ಒಡೆಯುವುದನ್ನು ಹೃದಯಾಘಾತ ಎಂದುಕೊಳ್ಳಿ. ನೂರು ಊರಿನ ಲೆಕ್ಕ ತೆಗೆದರೆ, ಮಟ್ಟ ಏರಿದ್ದ ಕೆರೆಗಳ ಏರಿಯೇ ಹೆಚ್ಚು ಒಡೆದಿರುವುದು ಕಾಣುತ್ತದೆ. ಆದರೆ ಹೂಳೆತ್ತದ ಊರು ಏರಿಯನ್ನೂ ರಿಪೇರಿ ಮಾಡಿರುವುದಿಲ್ಲ. ಊರಿನ ಒಂದೇ ಉದಾಸೀನ ಕೆರೆಯ ಮಟ್ಟವನ್ನೂ ಏರಿಸಿತು, ಏರಿಯನ್ನೂ ಬಿರುಕು ಬಿಡಿಸಿತು. ದೂರದಿಂದ ನೋಡುವವನಿಗೆ ನೀರೇ ಏರಿಯನ್ನು ಒಡೆದಂತೆ ಕಾಣುತ್ತದೆ.

ದೇಹದಲ್ಲೂ ಹೀಗೆಯೇ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನೂ ಹೃದಯದ ನಾಳವನ್ನೂ ಒಟ್ಟಿಗೇ ಸವೆಸುತ್ತವೆ. ಮೂತ್ರಪಿಂಡ ಸೋತಂತೆ ಹೋಮೋಸಿಸ್ಟೀನ್ ಏರುತ್ತದೆ. ಹೊಗೆಸೊಪ್ಪೂ ಅದನ್ನು ಏರಿಸುತ್ತದೆ, ವಯಸ್ಸೂ ಏರಿಸುತ್ತದೆ. ಇವೆರಡೂ ನಾಳವನ್ನು ಬೇರೆ ದಾರಿಯಿಂದಲೇ ಕೆಡಿಸುತ್ತವೆ.

ಹುಟ್ಟಿನಿಂದಲೇ ಕಿರಿದಾದ ತೂಬು

ಮಟ್ಟದ ಪಾತ್ರವನ್ನು ಊರಿನ ಉದಾಸೀನದಿಂದ ಬಿಡಿಸಿ ನೋಡುವುದು ಹೇಗೆ? ಕೆರೆ ಕಟ್ಟುವಾಗಲೇ ತೂಬು ಕಿರಿದಾಗಿಬಿಟ್ಟ ಊರುಗಳನ್ನು ಆರಿಸಿಕೊಳ್ಳಬೇಕು. ಅಂಥ ಕೆರೆಗಳ ಮಟ್ಟ ಮೊದಲ ದಿನದಿಂದಲೂ ತುಸು ಹೆಚ್ಚೇ. ಅದಕ್ಕೆ ಇಂದಿನ ಊರವರ ಜಾಣತನವೂ ಹೊಣೆಯಲ್ಲ, ಸೋಮಾರಿತನವೂ ಹೊಣೆಯಲ್ಲ. ಈ ಕೆರೆಗಳ ಏರಿ ಉಳಿದವಕ್ಕಿಂತ ಹೆಚ್ಚು ಒಡೆದಿದ್ದರೆ ನೀರಿನ ಮಟ್ಟವೇ ಕಾರಣ. ಒಡೆದಿರದಿದ್ದರೆ ಮಟ್ಟವನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು.

ಇಂಥ ತೂಬು ದೇಹದಲ್ಲಿದೆ. ಫೋಲೇಟನ್ನು ಕೆಲಸಕ್ಕೆ ಸಜ್ಜುಗೊಳಿಸುವ ಕಿಣ್ವವೊಂದರ ಜೀನಿಗೆ ಎಂಟಿಎಚ್‌ಎಫ್‌ಆರ್ ಎಂದು ಹೆಸರು. ಅದರ 677ನೇ ಸ್ಥಾನದಲ್ಲಿ ಒಂದೇ ಒಂದು ರಾಸಾಯನಿಕ ಅಕ್ಷರ ಬದಲಾದರೆ ಕಿಣ್ವ ಬೇಗ ಸೋಲುತ್ತದೆ ಎಂದು ಕೆನಡಾದ ಮಾಂಟ್ರಿಯಲ್‌ನ ರೀಮಾ ರೋಜನ್ ತಂಡ 1995ರಲ್ಲಿ ತೋರಿಸಿತು. ಅಪ್ಪ, ಅಮ್ಮ ಇಬ್ಬರಿಂದಲೂ ಈ ಬದಲಾದ ಪ್ರತಿಯೇ ಬಂದವರಲ್ಲಿ ಹೋಮೋಸಿಸ್ಟೀನ್ ಸುಮಾರು ಕಾಲುಭಾಗ ಹೆಚ್ಚಿರುತ್ತದೆ.

ತಂದೆತಾಯಿಯರ ಎರಡೆರಡು ಪ್ರತಿಗಳಲ್ಲಿ ಮಗುವಿಗೆ ಯಾವುದು ಸಿಗುತ್ತದೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಬಟಾಣಿ ಗಿಡಗಳಲ್ಲಿ ಗ್ರೆಗರ್ ಮೆಂಡೆಲ್ ಇದನ್ನು ಕಂಡು 1866ರಲ್ಲಿ ಪ್ರಕಟಿಸಿದರು. ಚೀಟಿ ಎತ್ತುವಾಗ ಮಗು ಮುಂದೆ ಬೀಡಿ ಸೇದುತ್ತದೆಯೇ, ಅದರ ಅಪ್ಪನಿಗೆ ಎಷ್ಟು ಎಕರೆ ಇದೆ ಎಂದು ಯಾರೂ ಕೇಳುವುದಿಲ್ಲ. ಅಂದರೆ ವಿಜ್ಞಾನಿಗಳು ಕೋಟಿಗಟ್ಟಲೆ ಖರ್ಚುಮಾಡಿ ನಡೆಸಬೇಕಾದ ಮಾತ್ರೆ-ಖಾಲಿಮಾತ್ರೆ ಪ್ರಯೋಗವನ್ನು ಪ್ರಕೃತಿ ಪ್ರತಿ ಹುಟ್ಟಿನಲ್ಲೂ ಪುಕ್ಕಟೆಯಾಗಿ ನಡೆಸುತ್ತಿದೆ. ಬ್ರಿಟನ್ನಿನ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ 2003ರಲ್ಲಿ ಈ ಉಪಾಯಕ್ಕೆ ಗಟ್ಟಿ ಬುನಾದಿ ಹಾಕಿದರು. ಇದಕ್ಕೆ ಮೆಂಡೆಲಿಯನ್ ರ‍್ಯಾಂಡಮೈಸೇಷನ್ ಎಂದು ಹೆಸರು. ನಾವು ಹುಟ್ಟುಚೀಟಿ ಪರೀಕ್ಷೆ ಎನ್ನೋಣ.

ಫಲಿತಾಂಶ ಏನಾಯಿತು? 2002ರಲ್ಲಿ 40 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಕಿರಿದಾದ ತೂಬಿನವರಿಗೆ ಹೃದ್ರೋಗ ಶೇ 16ರಷ್ಟು ಹೆಚ್ಚು ಎಂದು ಬಂತು. ಎಲ್ಲರೂ ಹಿಗ್ಗಿದರು. 2012ರಲ್ಲಿ ರಾಬರ್ಟ್ ಕ್ಲಾರ್ಕ್ ಮತ್ತು ಸಂಗಡಿಗರು ಒಂದು ಚತುರ ಕೆಲಸ ಮಾಡಿದರು. ಪತ್ರಿಕೆಗಳಲ್ಲಿ ಅಚ್ಚಾಗದೆ ಉಳಿದಿದ್ದ ಮಾಹಿತಿಯನ್ನೇ ಹುಡುಕಿ ತಂದು ಕೂಡಿಸಿದರು. ಸುಮಾರು 48 ಸಾವಿರ ಹೃದ್ರೋಗಿಗಳು, ಅವರಿಗೆ ಹೋಲಿಸಲು ಸುಮಾರು 68 ಸಾವಿರ ಇತರರು. ಹೆಚ್ಚಿನ ಅಪಾಯ ಮಾಯವಾಯಿತು. ನಂಟು ಕಂಡವರು ಪ್ರಬಂಧ ಬರೆದಿದ್ದರು, ಕಾಣದವರ ಲೆಕ್ಕ ಬೀರುವಿನಲ್ಲೇ ಉಳಿದಿತ್ತು. ಮಾತ್ರೆಯ ಪ್ರಯೋಗ ಹೇಳಿದ್ದನ್ನೇ ಜೀನೂ ಹೇಳಿತು: ತುಸು ಏರಿದ ಹೋಮೋಸಿಸ್ಟೀನ್ ಹೃದಯಾಘಾತ ತರುವುದಿಲ್ಲ.

ಕೋಡಿ ಮೀರಿದಾಗ

ಹಾಗಾದರೆ ಬಾಸ್ಟನ್‌ನ ಹುಡುಗ? ಮೆಕಲಿ ಕಂಡದ್ದು ಸುಳ್ಳಲ್ಲ. ಆ ಕಾಯಿಲೆಯ ಮಕ್ಕಳಲ್ಲಿ ಮಟ್ಟ 100ನ್ನೂ ದಾಟುತ್ತದೆ. ಕೆರೆ ಒಂದು ಗೇಣು ಏರಿದರೆ ಗಟ್ಟಿ ಏರಿಗೆ ಏನೂ ಆಗುವುದಿಲ್ಲ. ಕೋಡಿಯನ್ನೂ ಮೀರಿ ಏರಿಯ ಮೇಲೆಯೇ ನೀರು ಹರಿದರೆ ಯಾವ ಏರಿಯೂ ನಿಲ್ಲುವುದಿಲ್ಲ. ಅಂಥ ಮಕ್ಕಳಿಗೆ ಮಟ್ಟ ಇಳಿಸುವ ಚಿಕಿತ್ಸೆ ಜೀವ ಉಳಿಸುತ್ತದೆ. ಅಪರೂಪದ ಈ ಕಾಯಿಲೆಗೆ ಕೆಟ್ಟ ಜೀನು ಎರಡೂ ಕಡೆಯಿಂದ ಬರಬೇಕು. ಸೋದರಮಾವ, ಅತ್ತೆಮಗ ಎಂದು ಹತ್ತಿರದಲ್ಲೇ ಮದುವೆಯಾಗುವ ನಮ್ಮ ಕಡೆ ಅದರ ಸಾಧ್ಯತೆ ಉಳಿದ ಕಡೆಗಿಂತ ಹೆಚ್ಚು.

ಒಂದೇ ಅಕ್ಷರ ಎಷ್ಟು ಬಲವಾಗಬಲ್ಲದು ಎಂಬುದಕ್ಕೆ ಚಾಮರಾಜನಗರ ಜಿಲ್ಲೆಯಲ್ಲೇ ಉದಾಹರಣೆಯಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡಗೋಲು ರಕ್ತಕಣ ಕಾಯಿಲೆ ಇದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅದರ ತಪಾಸಣೆ ನಡೆಸುತ್ತ ಬಂದಿದೆ. ಹಿಮೋಗ್ಲೋಬಿನ್ನಿನ ಸರಪಳಿಯೊಂದರ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಎಂಬ ಅಮೈನೋ ಆಮ್ಲ ಕುಳಿತರೆ ಸಾಕು, ದುಂಡಗಿನ ರಕ್ತಕಣ ಕುಡಗೋಲಿನಂತೆ ಬಾಗುತ್ತದೆ. ಎಂಟಿಎಚ್‌ಎಫ್‌ಆರ್ ಕಿಣ್ವದಲ್ಲೂ ಅಲನಿನ್ ಇದ್ದ ಜಾಗಕ್ಕೆ ಬರುವುದು ಇದೇ ವ್ಯಾಲಿನ್. ಅಲ್ಲಿ ಒಂದು ಬದಲಾವಣೆ ಬದುಕನ್ನೇ ಆಳುತ್ತದೆ, ಇಲ್ಲಿ ವರದಿಯ ಅಂಕಿಯನ್ನು ತುಸು ಏರಿಸಿ ಸುಮ್ಮನಾಗುತ್ತದೆ. ‘ಜೀನಿನಲ್ಲೇ ಇದೆ’ ಎಂಬ ಮಾತಿಗೆ ಪ್ರತಿ ಸಲವೂ ಒಂದೇ ತೂಕವಿಲ್ಲ.

ಮೆದುಳಿನ ಆಘಾತದ ಲೆಕ್ಕ ಮಾತ್ರ ಸ್ವಲ್ಪ ಬೇರೆ. ಚೀನಾದಲ್ಲಿ ರಕ್ತದೊತ್ತಡ ಇದ್ದ 20,702 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಒತ್ತಡದ ಮಾತ್ರೆಗೆ ಫೋಲಿಕ್ ಆಮ್ಲ ಸೇರಿಸಿದಾಗ ಮೊದಲ ಲಕ್ವ ಶೇ 21ರಷ್ಟು ಕಡಿಮೆಯಾಯಿತು. ಆಹಾರಕ್ಕೆ ಫೋಲೇಟ್ ಬೆರೆಸುವ ಪದ್ಧತಿ ಇಲ್ಲದ ನಾಡು ಅದು. ತೂಬು ಕಿರಿದಾಗಿದ್ದು ನೀರಗಂಟಿಯೂ ಇಲ್ಲದ ಕಡೆ ಅವನನ್ನು ಕಳಿಸಿದರೆ ಉಪಯೋಗವಿದೆ. ಭಾರತೀಯರಲ್ಲಿ ಆ ಕಿರಿದು ತೂಬಿನ ಜೀನು ಯುರೋಪಿನವರಿಗಿಂತ ವಿರಳ. ನಮ್ಮ ಕೊರತೆ ಬಹುಪಾಲು ಬಿ12ನದು.

ಇನ್ನುಳಿದ ಅಮೈನೋ ಆಮ್ಲಗಳು

ಹೋಮೋಸಿಸ್ಟೀನ್ ಆದಮೇಲೆ ಇದೇ ಪರೀಕ್ಷೆಗೆ ಬೇರೆ ಅಮೈನೋ ಆಮ್ಲಗಳೂ ಬಂದವು. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಕವಲು ಸರಪಳಿಯ ಮೂರು, ಜೊತೆಗೆ ಟೈರೋಸಿನ್, ಫಿನೈಲ್‌ಅಲನಿನ್. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 2,422 ಜನರನ್ನು 12 ವರ್ಷ ಹಿಂಬಾಲಿಸಿದಾಗ 201 ಮಂದಿಗೆ ಸಕ್ಕರೆ ಕಾಯಿಲೆ ಬಂತು. ಅವರ ರಕ್ತದಲ್ಲಿ ಈ ಐದು ಅಮೈನೋ ಆಮ್ಲಗಳು ವರ್ಷಗಳ ಮುಂಚೆಯೇ ಏರಿದ್ದವು ಎಂದು 2011ರಲ್ಲಿ ವರದಿಯಾಯಿತು. ಸಕ್ಕರೆ ಕಾಯಿಲೆ ಹೃದ್ರೋಗದ ಹೆದ್ದಾರಿಯಾದ್ದರಿಂದ ಎಲ್ಲರ ಕಿವಿ ನೆಟ್ಟಗಾಯಿತು.

ಹುಟ್ಟುಚೀಟಿ ಪರೀಕ್ಷೆಯನ್ನು ಇಲ್ಲಿ ಎರಡೂ ದಿಕ್ಕಿನಿಂದ ಮಾಡಿದರು. ಇನ್ಸುಲಿನ್ನಿಗೆ ಮೈ ಮಣಿಯದಂತೆ ಮಾಡುವ ಜೀನುಗಳಿದ್ದವರಲ್ಲಿ ಕವಲು ಅಮೈನೋ ಆಮ್ಲಗಳು ಏರಿದ್ದವು. ಅಂದರೆ ಹೂಳೇ ಮಟ್ಟವನ್ನು ಏರಿಸುತ್ತಿತ್ತು. ಇನ್ನೊಂದು ದಿಕ್ಕಿನಲ್ಲಿ, ಅವುಗಳನ್ನು ಕರಗಿಸುವ ತೂಬಿನ ಜೀನು ನಿಧಾನವಾಗಿದ್ದವರಿಗೆ ಸಕ್ಕರೆ ಕಾಯಿಲೆ ತುಸು ಹೆಚ್ಚು ಎಂದೂ 2016ರಲ್ಲಿ ಕಂಡಿತು. ಇದರ ವಾದ ಇನ್ನೂ ಮುಗಿದಿಲ್ಲ. ಇದನ್ನು ಕೇಳಿ ತೊಗರಿಬೇಳೆ ಬಿಡುವುದು ಮಾತ್ರ ತಪ್ಪು. ಇಲ್ಲಿ ಮುಖ್ಯವಾದ ತೊಡಕು ಕರಗಿಸುವ ಕೆಲಸ ಕುಂಟುವುದರಲ್ಲಿದೆ, ಬೇಳೆಯಲ್ಲಿಲ್ಲ.

ಗ್ಲೈಸಿನ್ ಎಂಬ ಅತ್ಯಂತ ಪುಟ್ಟ ಅಮೈನೋ ಆಮ್ಲದ ಕಥೆ ತಿರುವುಮುರುವು. ರಕ್ತದಲ್ಲಿ ಅದು ಹೆಚ್ಚಿರುವವರಿಗೆ ಹೃದ್ರೋಗ ಕಡಿಮೆ. 80,003 ಜನರ ಮಾಹಿತಿಯಿಂದ ಅದರ ಮಟ್ಟ ನಿರ್ಧರಿಸುವ 27 ಜೀನು ತಾಣಗಳನ್ನು 2019ರಲ್ಲಿ ಗುರುತಿಸಿದರು. ಜೀನಿನ ಸಾಕ್ಷ್ಯವೂ ಅದೇ ಕಡೆಗೆ ವಾಲಿತು, ಬಹುಶಃ ರಕ್ತದೊತ್ತಡದ ದಾರಿಯಿಂದ. ಆದರೆ ಒಂದೇ ತೂಬು ಎರಡು ಕಾಲುವೆಗೆ ನೀರು ಬಿಡುತ್ತಿದ್ದರೆ ಬೆಳೆ ಹೆಚ್ಚಿದ್ದು ಯಾವುದರಿಂದ ಎಂದು ಹೇಳುವುದು ಕಷ್ಟ. ಈ ಪರೀಕ್ಷೆಯ ದೊಡ್ಡ ತೊಡಕು ಅದೇ. ಗ್ಲೈಸಿನ್ ಪುಡಿ ಕೊಳ್ಳಲು ಓಡಬೇಕಿಲ್ಲ.

ಈ ಲೆಕ್ಕಗಳಲ್ಲಿ ಬಹುಪಾಲು ಯುರೋಪಿನ ರಕ್ತದಿಂದ ಬಂದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 10,000 ಭಾರತೀಯರ ಪೂರ್ತಿ ಜೀನು ಪಾಠವನ್ನು ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ನಮ್ಮ ಕೆರೆಗಳ ತೂಬಿನ ಅಳತೆಯನ್ನು ನಮ್ಮಲ್ಲೇ ತೆಗೆಯಲು ಈಗ ಸಾಧ್ಯವಿದೆ.

ಓದುಗರಿಗೆ ಎರಡು ಮಾತು

ಹೋಮೋಸಿಸ್ಟೀನ್ ಹೆಚ್ಚು ಎಂದು ಬಂದರೆ ಹೃದಯದ ಬಗ್ಗೆ ಹೆದರಿ ಕೂರಬೇಡಿ. ಬಿ12 ಎಷ್ಟಿದೆ, ಮೂತ್ರಪಿಂಡ ಹೇಗಿದೆ ಎಂದು ವೈದ್ಯರನ್ನು ಕೇಳಿ. ಬಿ12 ಕಡಿಮೆಯಿದ್ದರೆ ಖಂಡಿತ ತುಂಬಿಸಿಕೊಳ್ಳಿ. ಅದು ನರಗಳಿಗೆ ಬೇಕು, ರಕ್ತಕ್ಕೆ ಬೇಕು, ಬಸುರಿಯರಿಗಂತೂ ಬೇಕೇಬೇಕು. ಆದರೆ ಆ ಮಾತ್ರೆ ನುಂಗಿದ್ದರಿಂದ ಹೃದಯಕ್ಕೆ ರಕ್ಷೆ ಸಿಕ್ಕಿತೆಂದು ನಂಬಿ ಬೀಡಿ, ಹೊಗೆಸೊಪ್ಪು ಮುಂದುವರಿಸಬೇಡಿ.

ಏರಿಯನ್ನು ಕೆಡಿಸುವುದು ಯಾವುದೆಂದು ಚೆನ್ನಾಗಿ ಗೊತ್ತಿದೆ: ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್. ಇವುಗಳಲ್ಲಿ ಕೆಟ್ಟ ಕೊಲೆಸ್ಟರಾಲ್ ಹುಟ್ಟುಚೀಟಿ ಪರೀಕ್ಷೆಯನ್ನೂ ದಾಟಿ ಬಂದಿದೆ. ಹುಟ್ಟಿನಿಂದಲೇ ಅದು ಕಡಿಮೆ ಇರುವ ಜೀನು ಪಡೆದವರಿಗೆ ಹೃದ್ರೋಗವೂ ಕಡಿಮೆ. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ 55ರೊಳಗೆ ಹೃದಯಾಘಾತ ಆಗಿದ್ದರೆ ಒತ್ತಡ, ಸಕ್ಕರೆ, ಕೊಲೆಸ್ಟರಾಲ್ ತಪಾಸಣೆಯನ್ನು ಮೂವತ್ತರ ಹೊತ್ತಿಗೇ ಶುರುಮಾಡಿ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹಬ್ಬಿ ಬೆವರಿದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತ ಮನೆಯಲ್ಲಿ ಕೂರಬೇಡಿ, ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ಇಸಿಜಿಯೂ, ನಾಳದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ. ಆ ಮದ್ದು ಎಷ್ಟು ಬೇಗ ಸಿಕ್ಕರೆ ಹೃದಯದ ಅಷ್ಟು ಹೆಚ್ಚು ಭಾಗ ಉಳಿಯುತ್ತದೆ.